ಹೆರಿಗೆಯ ನಂತರದ ವ್ಯಾಯಾಮಕಾಲೀನ ಮೂತ್ರ ಸೋರಿಕೆ

ಹೆರಿಗೆಯ ನಂತರದ ವ್ಯಾಯಾಮಕಾಲೀನ ಮೂತ್ರ ಸೋರಿಕೆ ಎಂದರೆ ಮಗುವನ್ನು ಹೆತ್ತ ಮಹಿಳೆಯರಲ್ಲಿ ಓಟ, ಜಿಗಿತ, ಸ್ಕಿಪ್ಪಿಂಗ್, ಏರೋಬಿಕ್ಸ್, ಭಾರ ಎತ್ತುವಿಕೆ ಮುಂತಾದ ದೈಹಿಕ ಶ್ರಮದ ಸಮಯದಲ್ಲಿ ಇಚ್ಛೆಗೆ ಮೀರಿ ಮೂತ್ರ ಹೊರಬರುವ ಸ್ಥಿತಿ. ವೈದ್ಯಕೀಯ ವರ್ಗೀಕರಣದಲ್ಲಿ ಇದು ಬಹುತೇಕ ಒತ್ತಡಜನ್ಯ ಮೂತ್ರ ಸೋರಿಕೆಯ ಗುಂಪಿಗೆ ಸೇರುತ್ತದೆ. ಇಲ್ಲಿ ಒತ್ತಡವೆಂದರೆ ಮಾನಸಿಕ ಒತ್ತಡವಲ್ಲ. ಹೊಟ್ಟೆಯೊಳಗೆ ಹಠಾತ್ತನೆ ಏರುವ ಭೌತಿಕ ಒತ್ತಡ. ಕೆಮ್ಮು, ಸೀನು ಹಾಗೂ ಜೋರು ನಗುವಿನಲ್ಲಿ ಕಾಣುವ ಸೋರಿಕೆಯೂ ಇದೇ ಬಗೆಯದು.

ಈ ತೊಂದರೆ ಸಾಮಾನ್ಯವಾದುದು, ಆದರೆ ಸಹಜವೆಂದು ಸುಮ್ಮನಿರಬೇಕಾದುದಲ್ಲ. ಶ್ರೋಣಿತಲದ ಸ್ನಾಯುಗಳಿಗೆ ಕ್ರಮಬದ್ಧ ತರಬೇತಿ ನೀಡುವುದು ಇದರ ಮೊದಲ ಚಿಕಿತ್ಸೆ. ಅದಕ್ಕೆ ಔಷಧವಾಗಲಿ ಉಪಕರಣವಾಗಲಿ ಬೇಕಿಲ್ಲ. ಹಾಗಿದ್ದರೂ ಅನೇಕರು ಸಂಕೋಚದಿಂದ ಯಾರಲ್ಲಿಯೂ ಹೇಳಿಕೊಳ್ಳದೆ, ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಗರ್ಭಾವಸ್ಥೆಯಲ್ಲಿ ಮಧುಮೇಹ ಕಾಣಿಸಿಕೊಂಡವರಿಗೆ ಮುಂದೆ ಎರಡನೆಯ ಬಗೆಯ ಮಧುಮೇಹ ಬರುವ ಸಂಭವ ಹೆಚ್ಚಾಗಿರುವುದರಿಂದ, ಅಂಥವರು ವ್ಯಾಯಾಮ ತೊರೆಯುವುದು ಸೋರಿಕೆಗಿಂತ ದೊಡ್ಡ ಹಾನಿಗೆ ದಾರಿಯಾಗಬಹುದು.

ಲಕ್ಷಣಗಳು ಮತ್ತು ಬಗೆಗಳು

ಒತ್ತಡಜನ್ಯ ಸೋರಿಕೆಯಲ್ಲಿ ಮೂತ್ರದ ಅವಸರ ಇರುವುದಿಲ್ಲ. ಕಾಲು ನೆಲಕ್ಕೆ ತಾಗಿದ ಕ್ಷಣದಲ್ಲಿ ಅಥವಾ ಭಾರ ಮೇಲೇಳುವ ಕ್ಷಣದಲ್ಲಿ ಕೆಲವು ಹನಿಗಳಿಂದ ಹಿಡಿದು ಬಟ್ಟೆ ನೆನೆಯುವಷ್ಟು ಮೂತ್ರ ಹೊರಬರುತ್ತದೆ. ಚಲನೆ ನಿಂತೊಡನೆ ಸೋರಿಕೆಯೂ ನಿಲ್ಲುತ್ತದೆ. ಇದಕ್ಕಿಂತ ಭಿನ್ನವಾದ ತುರ್ತುಜನ್ಯ ಸೋರಿಕೆಯಲ್ಲಿ ತಡೆಯಲಾಗದ ಮೂತ್ರಶಂಕೆ ಮೊದಲು ಬರುತ್ತದೆ, ಶೌಚಾಲಯ ತಲುಪುವ ಮುನ್ನವೇ ಮೂತ್ರ ಹೊರಬರುತ್ತದೆ. ಎರಡೂ ಲಕ್ಷಣಗಳು ಕೂಡಿ ಇದ್ದರೆ ಅದನ್ನು ಮಿಶ್ರ ಸೋರಿಕೆ ಎನ್ನುತ್ತಾರೆ. ಚಿಕಿತ್ಸೆ ಬೇರೆ ಬೇರೆಯಾಗಿರುವುದರಿಂದ ಈ ಭೇದವನ್ನು ಗುರುತಿಸುವುದು ಮುಖ್ಯ.

ಹಗಲು ರಾತ್ರಿ ಎನ್ನದೆ, ಮಲಗಿದ್ದಾಗಲೂ ನಿರಂತರವಾಗಿ ಮೂತ್ರ ಜಿನುಗುತ್ತಿದ್ದರೆ ಅದು ಒತ್ತಡಜನ್ಯ ಸೋರಿಕೆಯಲ್ಲ. ದೀರ್ಘಕಾಲ ತಡೆಹಿಡಿದ ಹೆರಿಗೆಯ ನಂತರ ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಉಂಟಾದಾಗ ಹೀಗಾಗುತ್ತದೆ. ಇದನ್ನು ಫಿಸ್ಟುಲಾ ಎನ್ನುತ್ತಾರೆ; ಯಾವ ವ್ಯಾಯಾಮದಿಂದಲೂ ಇದು ವಾಸಿಯಾಗುವುದಿಲ್ಲ, ಶೀಘ್ರ ಶಸ್ತ್ರವೈದ್ಯರ ತಪಾಸಣೆ ಅಗತ್ಯ. ಹೆರಿಗೆಯ ಬೆನ್ನಲ್ಲೇ ಮೂತ್ರ ಕಟ್ಟಿಕೊಂಡು, ತುಂಬಿದ ಮೂತ್ರಕೋಶದಿಂದ ಹನಿಹನಿಯಾಗಿ ಉಕ್ಕುವುದೂ ಉಂಟು. ಅದೂ ತುರ್ತು ಚಿಕಿತ್ಸೆಯ ವಿಷಯವೇ.

ಸೋರಿಕೆ ಆಗುವ ಬಗೆ

ಶ್ರೋಣಿಯ ತಳಭಾಗದಲ್ಲಿ, ಮುಂದಿನ ಪ್ಯೂಬಿಕ್ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ತೊಟ್ಟಿಲಿನಂತೆ ಹರಡಿಕೊಂಡಿರುವ ಸ್ನಾಯು ಹಾಗೂ ಸಂಯೋಜಕ ಅಂಗಾಂಶಗಳ ಪದರವನ್ನು ಶ್ರೋಣಿತಲ ಎಂದು ಕರೆಯಲಾಗುತ್ತದೆ. ಇದರ ಪ್ರಧಾನ ಸ್ನಾಯು ಸಮೂಹದ ಹೆಸರು ಲಿವೇಟರ್ ಏನೈ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳು ಇದರ ಮೇಲೆ ಆಧಾರ ಪಡೆದಿರುತ್ತವೆ. ಮೂತ್ರನಾಳ, ಯೋನಿ ಹಾಗೂ ಗುದನಾಳ ಇದರ ನಡುವಿನ ಬಿರುಕಿನಿಂದ ಹೊರಕ್ಕೆ ಹಾದುಹೋಗುತ್ತವೆ. ಮಹಿಳೆಯರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಆದುದರಿಂದ ಅದನ್ನು ಮುಚ್ಚಿ ಹಿಡಿಯುವ ಕೆಲಸದಲ್ಲಿ ಮೂತ್ರನಾಳದ ಸ್ವಂತ ಸಂಕೋಚಕ ಸ್ನಾಯುವಿನ ಜೊತೆಗೆ ಕೆಳಗಿನ ಆಧಾರವೂ ಗಟ್ಟಿಯಾಗಿರಬೇಕಾಗುತ್ತದೆ.

ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಡಿಲ್ಯಾನ್ಸಿ 1994ರಲ್ಲಿ ಈ ಆಧಾರವನ್ನು ಜೋಲಿಗೆ ಹೋಲಿಸಿ ವಿವರಿಸಿದರು. ಹೊಟ್ಟೆಯೊಳಗಿನ ಒತ್ತಡ ಏರಿದಾಗ ಮೂತ್ರನಾಳವು ಈ ಜೋಲಿಯ ಮೇಲೆ ಒತ್ತಲ್ಪಟ್ಟು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ನೀರು ಹರಿಯುವ ರಬ್ಬರ್ ಕೊಳವೆಯನ್ನು ಕಾಂಕ್ರೀಟ್ ನೆಲದ ಮೇಲೆ ಇಟ್ಟು ತುಳಿದರೆ ನೀರು ನಿಲ್ಲುತ್ತದೆ, ಕೆಸರಿನ ಮೇಲೆ ಇಟ್ಟು ತುಳಿದರೆ ಕೊಳವೆ ಕೆಸರಿನಲ್ಲಿ ಹೂತುಹೋಗಿ ನೀರು ಹರಿಯುತ್ತಲೇ ಇರುತ್ತದೆ. ಜೋಲಿ ಸಡಿಲಗೊಂಡ ಮೇಲೆ ಆಗುವುದು ಈ ಎರಡನೆಯ ಸ್ಥಿತಿ.

ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಮರಳಿ ಬರುತ್ತದೆ. ಎತ್ತರದಿಂದ ಜಿಗಿದು ಇಳಿಯುವಾಗ ಅದು ಇನ್ನೂ ಅಧಿಕ. ಆರೋಗ್ಯವಂತ ಶ್ರೋಣಿತಲವು ಕಾಲು ನೆಲ ಮುಟ್ಟುವುದಕ್ಕಿಂತ ಕ್ಷಣಾರ್ಧ ಮೊದಲೇ ತಾನಾಗಿ ಬಿಗಿದುಕೊಳ್ಳುತ್ತದೆ. ಹೆರಿಗೆಯ ನಂತರ ಈ ಸ್ನಾಯುಗಳ ಬಲ ಮಾತ್ರವಲ್ಲದೆ ಸಮಯಪ್ರಜ್ಞೆಯೂ ಕುಂದಿರಬಹುದು. ಸಾಮಾನ್ಯ ನಡಿಗೆಯಲ್ಲಿ ಏನೂ ತೊಂದರೆಯಿಲ್ಲದವರಿಗೆ ಸ್ಕಿಪ್ಪಿಂಗ್ ಹಗ್ಗ ಹಿಡಿದ ಕೂಡಲೇ ಸೋರಿಕೆ ಕಾಣಿಸುವುದು ಇದರಿಂದಲೇ. ಓಟದ ಆರಂಭದಲ್ಲಿ ಇಲ್ಲದ ಸೋರಿಕೆ ಮೂರು ನಾಲ್ಕು ಕಿಲೋಮೀಟರಿನ ನಂತರ ಕಾಣಿಸಿಕೊಂಡರೆ ಅದು ಸ್ನಾಯುಗಳ ಆಯಾಸದ ಸೂಚನೆ ಇರಬಹುದು.

ಹೆರಿಗೆಯ ಪಾತ್ರ

ಗರ್ಭಾವಸ್ಥೆಯಲ್ಲಿಯೇ ಬದಲಾವಣೆ ಆರಂಭವಾಗುತ್ತದೆ. ಬೆಳೆಯುವ ಗರ್ಭಕೋಶದ ಭಾರ ಹಾಗೂ ಹಾರ್ಮೋನುಗಳ ಪ್ರಭಾವದಿಂದ ಅಂಗಾಂಶಗಳು ಸಡಿಲಗೊಳ್ಳುತ್ತವೆ. ಯೋನಿಮಾರ್ಗದ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಲಿವೇಟರ್ ಏನೈ ಸ್ನಾಯುವಿನ ಒಳಭಾಗವು ತನ್ನ ಸಹಜ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆಂದು ಕಂಪ್ಯೂಟರ್ ಮಾದರಿಗಳನ್ನು ಬಳಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೈಕಾಲುಗಳ ಸ್ನಾಯುಗಳಾದರೆ ಅಷ್ಟು ಹಿಗ್ಗುವ ಮೊದಲೇ ಹರಿದುಹೋಗುತ್ತವೆ. ಕೆಲವರಲ್ಲಿ ಶ್ರೋಣಿತಲದ ಸ್ನಾಯುವೂ ಪ್ಯೂಬಿಕ್ ಮೂಳೆಯಿಂದ ಕಿತ್ತುಬರುವುದುಂಟು. ಇಕ್ಕಳ ಬಳಸಿ ಮಾಡಿಸಿದ ಹೆರಿಗೆಗಳಲ್ಲಿ ಇದರ ಸಂಭವ ಹೆಚ್ಚು. ಸ್ನಾಯುಗಳಿಗೆ ಹೋಗುವ ಪ್ಯುಡೆಂಡಲ್ ನರ ಎಳೆತಕ್ಕೆ ಸಿಕ್ಕಿ ದುರ್ಬಲವಾಗುತ್ತದೆ. ಹಲವರಲ್ಲಿ ಅದು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಸಿಸೇರಿಯನ್ ಆದವರಿಗೆ ಈ ತೊಂದರೆ ಬರುವುದೇ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ನಾರ್ವೆಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ಯಾವುದಾದರೊಂದು ಬಗೆಯ ಮೂತ್ರ ಸೋರಿಕೆ ಇದ್ದವರ ಪ್ರಮಾಣ ಹೆರಿಗೆಯೇ ಆಗದ ಮಹಿಳೆಯರಲ್ಲಿ ಶೇಕಡಾ 10.1, ಸಿಸೇರಿಯನ್ ಮಾತ್ರ ಆದವರಲ್ಲಿ ಶೇಕಡಾ 15.9, ಯೋನಿಮಾರ್ಗದ ಹೆರಿಗೆ ಮಾತ್ರ ಆದವರಲ್ಲಿ ಶೇಕಡಾ 21. ಅಂದರೆ ಶಸ್ತ್ರಕ್ರಿಯೆಯು ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಒಂಬತ್ತು ತಿಂಗಳು ಗರ್ಭ ಹೊತ್ತ ಪರಿಣಾಮ ಉಳಿದೇ ಇರುತ್ತದೆ. ಸೋರಿಕೆಯ ಭಯದಿಂದ ಅನಗತ್ಯ ಸಿಸೇರಿಯನ್ ಬಯಸುವುದಕ್ಕೆ ಈ ಅಂಕಿಗಳು ಆಧಾರವಾಗಲಾರವು.

ಗರ್ಭಾವಸ್ಥೆಯಲ್ಲೇ ಸೋರಿಕೆ ಕಂಡಿರುವುದು, ಅಧಿಕ ತೂಕ, ಹೆಚ್ಚು ವಯಸ್ಸಿನಲ್ಲಿ ಮೊದಲ ಹೆರಿಗೆ, ಹಲವು ಹೆರಿಗೆಗಳು, ದೀರ್ಘಕಾಲದ ಕೆಮ್ಮು ಮತ್ತು ಮಲಬದ್ಧತೆ ಇತರ ಅಪಾಯಕಾರಿ ಅಂಶಗಳು. ಎದೆಹಾಲು ಉಣಿಸುವ ಅವಧಿಯಲ್ಲಿ ಈಸ್ಟ್ರೋಜನ್ ಪ್ರಮಾಣ ಕಡಿಮೆಯಿರುವುದರಿಂದ ಯೋನಿ ಮತ್ತು ಮೂತ್ರನಾಳದ ಒಳಪದರ ತೆಳುವಾಗಿ ಒಣಗಿದಂತಾಗುವುದೂ ಉಂಟು. ಇದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ.

ವ್ಯಾಪಕತೆ

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಂತೆ ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂರರಲ್ಲಿ ಒಬ್ಬ ಮಹಿಳೆಗೆ ಮೂತ್ರ ಸೋರಿಕೆಯ ಅನುಭವವಾಗುತ್ತದೆ. ಕಾಲಕ್ರಮೇಣ ತಾನಾಗಿಯೇ ಸರಿಹೋಗುತ್ತದೆ ಎಂಬ ಸಮಾಧಾನದ ಮಾತು ಎಲ್ಲರ ವಿಷಯದಲ್ಲಿ ನಿಜವಾಗುವುದಿಲ್ಲ. ಬ್ರಿಟನ್ ಹಾಗೂ ನ್ಯೂಜಿಲೆಂಡಿನ ತಾಯಂದಿರನ್ನು 12 ವರ್ಷಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ, ಮೂರನೆಯ ತಿಂಗಳಲ್ಲಿ ಸೋರಿಕೆ ಇದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿಗೆ 12 ವರ್ಷಗಳ ನಂತರವೂ ಸೋರಿಕೆ ಇತ್ತು. ಮೂರು ತಿಂಗಳ ಹೊತ್ತಿಗೂ ನಿಲ್ಲದ ಸೋರಿಕೆಯನ್ನು ಉಪೇಕ್ಷಿಸಬಾರದೆಂದು ಹೇಳಲು ಇಷ್ಟು ಸಾಕು.

ಹೆರಿಗೆಯೊಂದೇ ಕಾರಣವಲ್ಲ ಎಂಬುದನ್ನು ಕ್ರೀಡಾಪಟುಗಳ ಅಧ್ಯಯನಗಳು ತೋರಿಸುತ್ತವೆ. ಅಮೆರಿಕದ ಕಾಲೇಜುಗಳ, ಇನ್ನೂ ಮಕ್ಕಳಾಗದ 144 ಆಟಗಾರ್ತಿಯರ ಕುರಿತು 1994ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡಾ 28 ಮಂದಿ ಆಟದ ವೇಳೆ ಮೂತ್ರ ಸೋರುವುದಾಗಿ ತಿಳಿಸಿದ್ದರು. ಜಿಮ್ನಾಸ್ಟಿಕ್ಸ್‌ನಲ್ಲಿ ಈ ಪ್ರಮಾಣ ಶೇಕಡಾ 67 ಇದ್ದರೆ ಗಾಲ್ಫ್‌ನಲ್ಲಿ ಒಬ್ಬರೂ ಇರಲಿಲ್ಲ. ಸೋರಿಕೆ ಆಯಾ ಚಟುವಟಿಕೆಯ ಆಘಾತವನ್ನು ಎಷ್ಟು ನೇರವಾಗಿ ಅನುಸರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ತಪಾಸಣೆ

ರೋಗನಿರ್ಣಯಕ್ಕೆ ಬಹುಪಾಲು ಸಂದರ್ಭಗಳಲ್ಲಿ ವಿವರವಾದ ವಿಚಾರಣೆ ಮತ್ತು ಸರಳ ಪರೀಕ್ಷೆಗಳೇ ಸಾಕಾಗುತ್ತವೆ. ಯಾವ ಚಲನೆಯಲ್ಲಿ, ಎಷ್ಟು, ವಾರಕ್ಕೆ ಎಷ್ಟು ಬಾರಿ ಎಂಬ ಪ್ರಶ್ನೆಗಳ ಜೊತೆಗೆ ಕನಿಷ್ಠ ಮೂರು ದಿನಗಳ ಮೂತ್ರ ದಿನಚರಿ ಬರೆಯಲು ಹೇಳಲಾಗುತ್ತದೆ. ಕುಡಿದ ದ್ರವ, ಮೂತ್ರಕ್ಕೆ ಹೋದ ವೇಳೆ, ಸೋರಿದ ಸಂದರ್ಭ ಇವುಗಳನ್ನು ಅದರಲ್ಲಿ ನಮೂದಿಸಬೇಕು. ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮೂತ್ರ ಪರೀಕ್ಷೆ ಮಾಡಲಾಗುತ್ತದೆ. ಮೂತ್ರಕೋಶ ತುಂಬಿರುವಾಗ ಕೆಮ್ಮಿಸಿ ನೋಡುವುದು, ಪೂರ್ವತೂಕದ ಪ್ಯಾಡ್ ಧರಿಸಿ ಒಂದು ಗಂಟೆ ನಿಗದಿತ ಚಟುವಟಿಕೆ ಮಾಡಿಸಿ ಮತ್ತೆ ತೂಗುವುದು ಉಳಿದ ಕ್ರಮಗಳು.

ತರಬೇತಾದ ವೈದ್ಯೆ ಅಥವಾ ಫಿಸಿಯೋಥೆರಪಿಸ್ಟ್ ಒಪ್ಪಿಗೆ ಪಡೆದು ಯೋನಿಯೊಳಗೆ ಬೆರಳಿಟ್ಟು ಸ್ನಾಯುಗಳ ಬಲವನ್ನು ಸೊನ್ನೆಯಿಂದ 5ರವರೆಗಿನ ಆಕ್ಸ್‌ಫರ್ಡ್ ಶ್ರೇಣಿಯಲ್ಲಿ ಅಳೆಯುತ್ತಾರೆ. ಗರ್ಭಕೋಶ ಅಥವಾ ಮೂತ್ರಕೋಶ ಕೆಳಗೆ ಜಾರಿದೆಯೇ, ಹೊಲಿಗೆ ಹಾಕಿದ ಜಾಗ ಮಾಗಿದೆಯೇ, ಸ್ನಾಯುಗಳು ದುರ್ಬಲವಾಗಿವೆಯೇ ಅಥವಾ ವಿಪರೀತ ಬಿಗಿದಿವೆಯೇ ಎಂಬುದೂ ಆಗ ತಿಳಿಯುತ್ತದೆ. ಕೊನೆಯ ಅಂಶ ಮುಖ್ಯವಾದುದು. ಸದಾ ಬಿಗಿದುಕೊಂಡಿರುವ ಸ್ನಾಯುವಿಗೆ ಮತ್ತಷ್ಟು ಬಿಗಿಸುವ ವ್ಯಾಯಾಮ ಕೊಟ್ಟರೆ ನೋವು ಹೆಚ್ಚುತ್ತದೆ. ಅಂಥವರು ಮೊದಲು ಸಡಿಲಿಸುವುದನ್ನು ಕಲಿಯಬೇಕಾಗುತ್ತದೆ.

ಮೂತ್ರದಲ್ಲಿ ರಕ್ತ, ಉರಿ ಮತ್ತು ಜ್ವರ, ಮೂತ್ರ ವಿಸರ್ಜಿಸಲು ಆಗದಿರುವುದು, ಯೋನಿಯಿಂದ ಗಡ್ಡೆಯಂತೆ ಏನೋ ಹೊರಬಂದ ಅನುಭವ, ಮಲ ಅಥವಾ ವಾಯು ತಡೆಯಲಾಗದಿರುವುದು ಇದ್ದರೆ ವ್ಯಾಯಾಮ ಆರಂಭಿಸುವ ಮೊದಲು ವೈದ್ಯರನ್ನು ಕಾಣಬೇಕು. ತೊಡೆಸಂದಿಯ ಭಾಗ ಮರಗಟ್ಟುವುದು, ಕಾಲುಗಳು ಬಲಹೀನವಾಗುವುದು ನರಸಂಬಂಧಿ ತುರ್ತುಸ್ಥಿತಿಯ ಲಕ್ಷಣಗಳು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಶ್ರೋಣಿತಲ ಸ್ನಾಯು ತರಬೇತಿ

ಸಾಮಾನ್ಯರಲ್ಲಿ ಕೆಗೆಲ್ ವ್ಯಾಯಾಮವೆಂದು ಪರಿಚಿತವಾಗಿರುವ ಇದು ಈ ತೊಂದರೆಯ ಪ್ರಥಮ ಚಿಕಿತ್ಸೆ. 2018ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಒತ್ತಡಜನ್ಯ ಸೋರಿಕೆ ಇದ್ದ ಮಹಿಳೆಯರಲ್ಲಿ ತರಬೇತಿ ಪಡೆದವರ ಪೈಕಿ ಶೇಕಡಾ 56 ಮಂದಿ ತಾವು ಗುಣವಾದುದಾಗಿ ತಿಳಿಸಿದರೆ, ಪಡೆಯದವರಲ್ಲಿ ಆ ಪ್ರಮಾಣ ಶೇಕಡಾ 6 ಆಗಿತ್ತು. ಈ ಅಂಕಿಗಳು ಎಲ್ಲ ವಯಸ್ಸಿನ ಮಹಿಳೆಯರಿಗೆ ಸಂಬಂಧಿಸಿದವು, ಬಾಣಂತಿಯರಿಗೆ ಮಾತ್ರವಲ್ಲ. ಸೋರಿಕೆ ಇಲ್ಲದ ಗರ್ಭಿಣಿಯರು ಮೊದಲೇ ತರಬೇತಿ ಆರಂಭಿಸಿದರೆ ಗರ್ಭಾವಸ್ಥೆಯ ಕೊನೆಯಲ್ಲಿಯೂ ಹೆರಿಗೆಯ ನಂತರದ ಮೂರರಿಂದ ಆರು ತಿಂಗಳಲ್ಲಿಯೂ ಸೋರಿಕೆಯ ಅಪಾಯ ತಗ್ಗುತ್ತದೆಂದು 2020ರ ಮತ್ತೊಂದು ಕಾಕ್ರೇನ್ ಪರಾಮರ್ಶೆ ತಿಳಿಸಿದೆ.

ಮೊದಲ ಹಂತ ಸರಿಯಾದ ಸ್ನಾಯುವನ್ನು ಗುರುತಿಸುವುದು. ವಾಯು ಹೊರಹೋಗದಂತೆ ಗುದವನ್ನು ಬಿಗಿಹಿಡಿದು, ಅದೇ ಬಿಗಿತವನ್ನು ಮುಂದಕ್ಕೆ ಮೂತ್ರದ್ವಾರದವರೆಗೆ ತಂದು, ಒಳಕ್ಕೆ ಹಾಗೂ ಮೇಲಕ್ಕೆ ಸೆಳೆದುಕೊಂಡಂತೆ ಮಾಡಬೇಕು. ತೊಡೆ, ಪೃಷ್ಠ ಮತ್ತು ಹೊಟ್ಟೆಯ ಮೇಲ್ಭಾಗ ಸಡಿಲವಾಗಿರಬೇಕು. ಉಸಿರು ಎಂದಿನಂತೆ ಆಡುತ್ತಿರಬೇಕು. ಹೇಳುವುದಕ್ಕೆ ಸುಲಭವಾದ ಈ ಕ್ರಿಯೆ ಮಾಡುವುದಕ್ಕೆ ಅಷ್ಟು ಸುಲಭವಲ್ಲ. 1991ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಬಾಯಿಮಾತಿನ ಸೂಚನೆ ಮಾತ್ರ ಪಡೆದ 47 ಮಹಿಳೆಯರ ಪೈಕಿ ಸುಮಾರು ಅರ್ಧದಷ್ಟು ಜನ ಮಾತ್ರ ಸರಿಯಾಗಿ ಮಾಡಿದರು. ಕಾಲು ಭಾಗದಷ್ಟು ಜನ ಮೇಲಕ್ಕೆ ಸೆಳೆಯುವ ಬದಲು ಸೋರಿಕೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲಿ ಪ್ರಯತ್ನಿಸಿದರು. ಕರಪತ್ರ ಓದಿಕೊಂಡು ತಿಂಗಳುಗಟ್ಟಲೆ ಮಾಡಿದರೂ ಗುಣ ಕಾಣದವರಲ್ಲಿ ಹಲವರ ತೊಡಕು ಇದೇ ಆಗಿರುವ ಸಾಧ್ಯತೆ ಇದೆ. ಒಮ್ಮೆಯಾದರೂ ಪರಿಣತರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಈ ಕಾರಣದಿಂದ ಉತ್ತಮ.

ಮೂತ್ರ ವಿಸರ್ಜನೆಯ ನಡುವೆ ಧಾರೆಯನ್ನು ತಡೆದು ಅಭ್ಯಾಸ ಮಾಡಬೇಕೆಂಬ ಸಲಹೆ ಹಳೆಯ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಇದನ್ನು ರೂಢಿ ಮಾಡಿಕೊಂಡರೆ ಮೂತ್ರಕೋಶ ಪೂರ್ಣ ಖಾಲಿಯಾಗದೆ ಉಳಿಯಬಹುದಾದ್ದರಿಂದ ಈಗ ಸಾಮಾನ್ಯವಾಗಿ ಇದನ್ನು ವ್ಯಾಯಾಮವಾಗಿ ಸೂಚಿಸುವುದಿಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ 8 ಬಾರಿ ಬಿಗಿಸುವ ತರಬೇತಿಯನ್ನು ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳು ನಡೆಸಬೇಕೆಂದು ಹೇಳುತ್ತದೆ. ರೂಢಿಯಲ್ಲಿ ಪ್ರತಿ ಬಿಗಿತವನ್ನು ಆರಂಭದಲ್ಲಿ ಎರಡು ಮೂರು ಸೆಕೆಂಡು ಹಿಡಿದು, ಕ್ರಮೇಣ 8ರಿಂದ 10 ಸೆಕೆಂಡಿಗೆ ಏರಿಸಲಾಗುತ್ತದೆ. ಪ್ರತಿ ಬಿಗಿತದ ನಂತರ ಅಷ್ಟೇ ಹೊತ್ತು ಪೂರ್ಣವಾಗಿ ಸಡಿಲಬಿಡಬೇಕು. ಇದರ ಜೊತೆಗೆ ಒಂದೊಂದು ಸೆಕೆಂಡಿನ ಚುರುಕಾದ ಬಿಗಿತಗಳನ್ನೂ ಅಭ್ಯಾಸ ಮಾಡಬೇಕು. ಜಿಗಿತದಂಥ ಹಠಾತ್ ಒತ್ತಡವನ್ನು ತಡೆಯುವುದು ಈ ವೇಗದ ಸಂಕೋಚನವೇ. ಮಲಗಿ ಮಾಡುವುದರಿಂದ ಆರಂಭಿಸಿ, ಕುಳಿತು, ನಿಂತು, ಕೊನೆಗೆ ನಡೆಯುತ್ತಾ ಮಾಡುವಷ್ಟು ಮುಂದುವರಿಯಬೇಕು. ಮಲಗಿದ ಭಂಗಿಯಲ್ಲಿಯೇ ನಿಂತುಬಿಟ್ಟ ಅಭ್ಯಾಸ ಓಟಗಾರ್ತಿಗೆ ಸಾಲದು. ತೊಡಕಿಲ್ಲದ ಹೆರಿಗೆಯಾದವರು ನೋವಿಲ್ಲದಿದ್ದರೆ ಮೊದಲ ಕೆಲವು ದಿನಗಳಲ್ಲೇ ಮೃದುವಾಗಿ ಆರಂಭಿಸಬಹುದು. ಮೂತ್ರಕ್ಕೆ ಕ್ಯಾಥೆಟರ್ ಇದ್ದರೆ ಅದನ್ನು ತೆಗೆಯುವವರೆಗೆ ಕಾಯಬೇಕು.

ಕೆಮ್ಮುವ, ಸೀನುವ ಅಥವಾ ಭಾರ ಎತ್ತುವ ಕ್ಷಣಕ್ಕೆ ಸ್ವಲ್ಪ ಮುಂಚೆ ಶ್ರೋಣಿತಲವನ್ನು ಬೇಕೆಂದೇ ಬಿಗಿಹಿಡಿಯುವ ಉಪಾಯವೂ ಪರಿಣಾಮಕಾರಿ. 1998ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಉಪಾಯವನ್ನು ಕೇವಲ ಒಂದು ವಾರ ಅಭ್ಯಾಸ ಮಾಡಿದ, ಸೌಮ್ಯ ಸೋರಿಕೆಯ ಮಹಿಳೆಯರಲ್ಲಿ ಕೆಮ್ಮಿದಾಗಿನ ಸೋರಿಕೆ ಗಣನೀಯವಾಗಿ ತಗ್ಗಿದುದನ್ನು ದಾಖಲಿಸಿದರು. ಒಂದು ವಾರದಲ್ಲಿ ಸ್ನಾಯು ಬಲಿಯುವುದಿಲ್ಲವಾದ್ದರಿಂದ ಇದು ಕೌಶಲದ ಫಲವೆಂದೇ ಹೇಳಬೇಕು. ಓಟದಲ್ಲಿ ಹೆಜ್ಜೆ ಹೆಜ್ಜೆಗೂ ಹೀಗೆ ಮಾಡುವುದು ಅಸಾಧ್ಯ. ಭಾರ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು ಮುಂತಾದ ಬಿಡಿ ಚಲನೆಗಳಿಗೆ ಇದು ತಕ್ಕುದು.

ಅಭ್ಯಾಸ ಬಿಟ್ಟರೆ ಫಲವೂ ಕ್ರಮೇಣ ಅಳಿಯುತ್ತದೆ. ದಾದಿಯರ ಮಾರ್ಗದರ್ಶನದಲ್ಲಿ ತರಬೇತಿ ಪಡೆದ ಬಾಣಂತಿಯರಲ್ಲಿ ಒಂದು ವರ್ಷದ ಹೊತ್ತಿಗೆ ಸೋರಿಕೆ ಶೇಕಡಾ 60ಕ್ಕೆ ಇಳಿದಿದ್ದು, ತರಬೇತಿ ಪಡೆಯದವರಲ್ಲಿ ಶೇಕಡಾ 69 ಇತ್ತೆಂದು 2001ರ ಪ್ರಯೋಗವೊಂದು ತೋರಿಸಿತು. ಆರು ವರ್ಷಗಳ ನಂತರ ನೋಡಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ.

ವ್ಯಾಯಾಮಕ್ಕೆ ಮರಳುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ತೊಡಕುಗಳಿಲ್ಲದ ಬಾಣಂತಿಯರು ಕ್ರಮೇಣ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯನ್ನು ತಲುಪಬೇಕು. ಸೋರಿಕೆ ಇದ್ದ ಮಾತ್ರಕ್ಕೆ ಇದನ್ನು ಕೈಬಿಡಬೇಕಿಲ್ಲ. ಬದಲಾಯಿಸಬೇಕಾದುದು ಚಟುವಟಿಕೆಯ ಬಗೆ ಮತ್ತು ಪ್ರಮಾಣ. ನಡಿಗೆ, ಸ್ಥಿರ ಸೈಕಲ್, ಈಜು ಇವುಗಳಲ್ಲಿ ಆಘಾತ ಕಡಿಮೆ. ಈಜನ್ನು ಮಾತ್ರ ರಕ್ತಸ್ರಾವ ನಿಂತು ಗಾಯಗಳು ಮಾಗಿದ ಮೇಲೆ ಆರಂಭಿಸಬೇಕು.

ಓಟದ ವಿಷಯದಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರಾದ ಟಾಮ್ ಗೂಮ್, ಗ್ರೇನ್ ಡೊನೆಲಿ ಮತ್ತು ಎಮ್ಮಾ ಬ್ರಾಕ್‌ವೆಲ್ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೆಚ್ಚು ಬಳಕೆಯಲ್ಲಿದೆ. ಹೆರಿಗೆಯ ಆರನೆಯ ವಾರದ ತಪಾಸಣೆ ಮುಗಿದೊಡನೆ ಓಡಬಹುದೆಂಬ ಹಳೆಯ ಧೋರಣೆಯನ್ನು ಅದು ಒಪ್ಪುವುದಿಲ್ಲ. ಮೊದಲ ಮೂರು ತಿಂಗಳು ಕಡಿಮೆ ಆಘಾತದ ವ್ಯಾಯಾಮ, ಓಟ ಮೂರರಿಂದ ಆರು ತಿಂಗಳ ನಡುವೆ, ಅದೂ ಲಕ್ಷಣಗಳಿಲ್ಲದಿದ್ದರೆ ಎಂಬುದು ಅದರ ನಿಲುವು. ಓಡಲಾರಂಭಿಸುವ ಮೊದಲು ನೋವು, ಸೋರಿಕೆ ಅಥವಾ ಕೆಳಹೊಟ್ಟೆಯ ಭಾರದ ಅನುಭವವಿಲ್ಲದೆ 30 ನಿಮಿಷ ನಡೆಯುವುದು, ಒಂದೇ ಕಾಲಿನ ಮೇಲೆ 10 ಸೆಕೆಂಡು ನಿಲ್ಲುವುದು, ಪ್ರತಿ ಕಾಲಿನಲ್ಲೂ 10 ಬಾರಿ ಒಂಟಿಕಾಲಿನ ಬಸ್ಕಿ, ನಿಂತಲ್ಲೇ ಒಂದು ನಿಮಿಷ ಓಟ, ಪ್ರತಿ ಕಾಲಿನಲ್ಲೂ 10 ಕುಂಟು ಜಿಗಿತ ಇತ್ಯಾದಿಗಳನ್ನು ಮಾಡಿ ನೋಡಬೇಕೆಂದು ಅದು ಸೂಚಿಸುತ್ತದೆ. ಈ ಮಾನದಂಡಗಳಲ್ಲಿ ಬಹುಪಾಲು ತಜ್ಞರ ಅನುಭವವನ್ನು ಆಧರಿಸಿದವೇ ಹೊರತು ಪ್ರಯೋಗಗಳಿಂದ ಸಿದ್ಧವಾದವಲ್ಲ.

ಓಟವನ್ನು ಪುನರಾರಂಭಿಸುವಾಗ ಒಂದೆರಡು ನಿಮಿಷ ಓಟ, ಮತ್ತೆ ನಡಿಗೆ ಎಂಬ ಸರದಿ ಒಳ್ಳೆಯದು. ವೇಗಕ್ಕಿಂತ ಮೊದಲು ಅವಧಿಯನ್ನು ಹೆಚ್ಚಿಸಬೇಕು. ಉದ್ದನೆಯ ಹೆಜ್ಜೆಗಳ ಬದಲು ಚಿಕ್ಕ, ಚುರುಕಾದ ಹೆಜ್ಜೆಗಳನ್ನಿಟ್ಟರೆ ಪ್ರತಿ ಹೆಜ್ಜೆಯ ಆಘಾತ ತಗ್ಗುತ್ತದೆ. ಇಳಿಜಾರಿನ ಓಟವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಸೋರಿಕೆ ಕಾಣಿಸಿದ ದಿನ ಅದರ ಹಿಂದಿನ, ಸೋರಿಕೆಯಿಲ್ಲದ ಹಂತಕ್ಕೆ ಮರಳಿ, ಒಂದೆರಡು ವಾರದ ನಂತರ ಮತ್ತೆ ಏರಬೇಕು.

ಭಾರ ಎತ್ತುವವರು ಉಸಿರು ಬಿಗಿಹಿಡಿಯುವುದನ್ನು ಬಿಟ್ಟು, ಎತ್ತುವ ಶ್ರಮದ ಕ್ಷಣದಲ್ಲಿ ಉಸಿರು ಹೊರಬಿಡುತ್ತಾ ಶ್ರೋಣಿತಲವನ್ನು ಮೇಲಕ್ಕೆ ಸೆಳೆಯಬೇಕು. ಸೊಂಟಕ್ಕೆ ಬಿಗಿಯಾದ ಬೆಲ್ಟ್ ಕಟ್ಟಿಕೊಂಡರೆ ಒತ್ತಡ ಕೆಳಮುಖವಾಗಿ ಹೋಗುವ ಸಾಧ್ಯತೆ ಇದೆ. ಪೂರ್ಣ ಎದ್ದು ಕೂರುವ ಹೊಟ್ಟೆಯ ವ್ಯಾಯಾಮಗಳಿಂದ ಸೋರಿಕೆಯಾಗುವುದಾದರೆ ಅವುಗಳನ್ನು ತತ್ಕಾಲಕ್ಕೆ ಬಿಡಬೇಕು. ಹೊಟ್ಟೆಯ ಮಧ್ಯದ ಸ್ನಾಯುಗಳು ಬೇರ್ಪಟ್ಟಿರುವುದಕ್ಕೂ ಸೋರಿಕೆಗೂ ನೇರ ಸಂಬಂಧವಿದೆಯೆಂದು ಸಿದ್ಧವಾಗಿಲ್ಲ, ಜಿಮ್ ಜಾಹೀರಾತುಗಳು ಏನೇ ಹೇಳಲಿ.

ನೀರಿನ ವಿಷಯದಲ್ಲಿ ಅನೇಕರು ತಪ್ಪು ದಾರಿ ಹಿಡಿಯುತ್ತಾರೆ. ವ್ಯಾಯಾಮಕ್ಕೆ ಮೊದಲು ಮೂತ್ರಕ್ಕೆ ಹೋಗಿಬರುವುದು ಸರಿ; ಆದರೆ ಇಡೀ ಬೆಳಿಗ್ಗೆ ನೀರು ಕುಡಿಯದಿರುವುದು ಅಥವಾ ಅರ್ಧ ಗಂಟೆಗೊಮ್ಮೆ ಮುನ್ನೆಚ್ಚರಿಕೆಗಾಗಿ ಶೌಚಾಲಯಕ್ಕೆ ಹೋಗುವುದು ಸರಿಯಲ್ಲ. ಸಾಂದ್ರವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ಸೋಂಕಿಗೂ ಎಡೆಯಾಗುತ್ತದೆ. ತುರ್ತುಜನ್ಯ ಲಕ್ಷಣಗಳೂ ಇರುವವರು ಕಾಫಿ, ಚಹಾ ಕಡಿಮೆ ಮಾಡಿದರೆ ಪ್ರಯೋಜನವಾಗಬಹುದು.

ಸಹಾಯಕ ಸಾಧನಗಳು

ತರಬೇತಿ ಫಲ ನೀಡುವವರೆಗೆ ವ್ಯಾಯಾಮ ನಿಲ್ಲದಿರಲು ಪ್ಯಾಡ್‌ಗಳು ನೆರವಾಗುತ್ತವೆ. ಮುಟ್ಟಿನ ಪ್ಯಾಡ್‌ಗಳು ಗಟ್ಟಿಯಾದ ರಕ್ತಸ್ರಾವಕ್ಕೆಂದು ತಯಾರಾದವು. ತೆಳುವಾಗಿ ರಭಸದಿಂದ ಬರುವ ಮೂತ್ರವನ್ನು ಹೀರಲು ಅದಕ್ಕೆಂದೇ ಇರುವ ಪ್ಯಾಡ್ ಅಥವಾ ಒಗೆದು ಬಳಸುವ ಒಳಉಡುಪು ಉತ್ತಮ. ಒದ್ದೆಯಾದುದನ್ನು ಬೇಗ ಬದಲಿಸದಿದ್ದರೆ ಚರ್ಮ ಕೆಂಪಾಗಿ ಉರಿಯುತ್ತದೆ.

ಪೆಸರಿ ಎಂಬುದು ಯೋನಿಯೊಳಗೆ ಇಡುವ ಸಿಲಿಕೋನ್ ಉಂಗುರ. ಇದು ಮೂತ್ರನಾಳವನ್ನು ಕೆಳಗಿನಿಂದ ಎತ್ತಿಹಿಡಿಯುತ್ತದೆ. ವೈದ್ಯರು ಅಳತೆ ನೋಡಿ ಕೊಟ್ಟ ಪೆಸರಿಯನ್ನು ಕೆಲವರು ಓಟದ ಹೊತ್ತಿನಲ್ಲಿ ಮಾತ್ರ ಧರಿಸುತ್ತಾರೆ. ವ್ಯಾಯಾಮ ಮಾಡುವಾಗ ಸೋರುತ್ತಿದ್ದ 14 ಮಹಿಳೆಯರ ಮೇಲಿನ ಚಿಕ್ಕ ಪ್ರಯೋಗವೊಂದರಲ್ಲಿ ಪೆಸರಿಯಷ್ಟೇ ಅಲ್ಲದೆ ಮುಟ್ಟಿನ ಟ್ಯಾಂಪೂನ್ ಕೂಡ ಸೋರಿಕೆಯನ್ನು ತಗ್ಗಿಸಿದುದು 1995ರಲ್ಲಿ ವರದಿಯಾಯಿತು. ಹೆರಿಗೆಯ ನಂತರದ ಮೊದಲ ಆರು ವಾರಗಳಲ್ಲಿ ಯೋನಿಯೊಳಗೆ ಏನನ್ನೂ ಇಡಬಾರದು. ಯೋನಿ ಶಂಕುಗಳು ಮತ್ತು ವಿದ್ಯುತ್ ಪ್ರಚೋದನೆಯ ಯಂತ್ರಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಆದರೆ ನಾರ್ವೆಯ ಕಾರಿ ಬೋ ಮತ್ತು ಸಂಗಡಿಗರ 1999ರ ಪ್ರಯೋಗದಲ್ಲಿ ಬರಿಯ ಸ್ನಾಯು ತರಬೇತಿಯೇ ಇವೆರಡಕ್ಕಿಂತ ಮೇಲಾಗಿತ್ತು.

ಶಸ್ತ್ರಚಿಕಿತ್ಸೆ

ಇತರ ಕ್ರಮಗಳು ಫಲಿಸದವರಿಗೆ ಮಾತ್ರ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಇನ್ನೂ ಮಕ್ಕಳು ಬೇಕೆನ್ನುವವರಲ್ಲಿ ಸಾಮಾನ್ಯವಾಗಿ ಮುಂದೂಡುತ್ತಾರೆ. 1961ರಲ್ಲಿ ಜಾನ್ ಬರ್ಚ್ ವಿವರಿಸಿದ, ಯೋನಿಯ ಮುಂಗೋಡೆಯನ್ನು ಮೇಲೆತ್ತಿ ಹೊಲಿಯುವ ವಿಧಾನ, ರೋಗಿಯ ಸ್ವಂತ ಅಂಗಾಂಶದ ಪಟ್ಟಿಯನ್ನು ಮೂತ್ರನಾಳದ ಕೆಳಗೆ ಕೂರಿಸುವ ವಿಧಾನ, 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಬಳಕೆಗೆ ತಂದ ಸಂಶ್ಲೇಷಿತ ಜಾಲರಿ ಪಟ್ಟಿಯ ವಿಧಾನ ಇವು ಮುಖ್ಯವಾದವು. ಜಾಲರಿ ಒಳಗೆ ಕೊರೆದು ನೋವುಂಟುಮಾಡಿದ ದೂರುಗಳ ಹಿನ್ನೆಲೆಯಲ್ಲಿ 2018ರ ಜುಲೈನಲ್ಲಿ ಇಂಗ್ಲೆಂಡ್ ಇದರ ಬಳಕೆಯನ್ನು ತಡೆಹಿಡಿಯಿತು.

ಬಾಣಂತನದ ರೂಢಿಗಳು

ಕರ್ನಾಟಕದಲ್ಲಿ ಬಾಣಂತಿಗೆ ವಿಶ್ರಾಂತಿ, ಎಣ್ಣೆ ನೀವುವಿಕೆ, ಬಿಸಿನೀರಿನ ಸ್ನಾನ, ಪಥ್ಯದ ಊಟಗಳ ಕಟ್ಟುನಿಟ್ಟಾದ ಸಂಪ್ರದಾಯವಿದೆ. ತವರಿನಲ್ಲಿ ಸಿಗುವ ವಿಶ್ರಾಂತಿಯಿಂದ ಭಾರದ ಕೆಲಸಗಳು ತಪ್ಪುವುದು ಶ್ರೋಣಿತಲದ ಚೇತರಿಕೆಗೆ ಅನುಕೂಲಕರ. ಆದರೆ ಬಾಣಂತಿ ಹೆಚ್ಚು ನೀರು ಕುಡಿಯಬಾರದೆಂದು ಹಲವು ಮನೆಗಳಲ್ಲಿ ಇರುವ ನಿರ್ಬಂಧ, ಸೊಪ್ಪು ತರಕಾರಿಗಳನ್ನು ದೂರವಿಡುವ ಪಥ್ಯ ಇವು ಮಲಬದ್ಧತೆಗೆ ಕಾರಣವಾಗುತ್ತವೆ. ಮಲವಿಸರ್ಜನೆಗೆ ತಿಣುಕುವುದು ಹಿಗ್ಗಿದ ಸ್ನಾಯುಗಳ ಮೇಲೆ ಮತ್ತೆ ಭಾರ ಹೇರುತ್ತದೆ. ಹೊಟ್ಟೆ ಇಳಿಯಲೆಂದು ಸೀರೆಯನ್ನು ಬಿಗಿಯಾಗಿ ಸುತ್ತುವುದು ಸೊಂಟಕ್ಕೆ ಆಸರೆ ಎನಿಸಬಹುದಾದರೂ, ಅತಿಯಾಗಿ ಬಿಗಿದರೆ ಒತ್ತಡ ಕೆಳಕ್ಕೆ ಇಳಿಯುತ್ತದೆ.

ಎಲ್ಲರಿಗೂ ಈ ವಿಶ್ರಾಂತಿ ಲಭ್ಯವಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿದ್ದರೂ ಕೂಲಿ, ಕೃಷಿ, ಕಟ್ಟಡ ಕೆಲಸಗಳಲ್ಲಿ ದುಡಿಯುವ ಮಹಿಳೆಯರಿಗೆ ಅದರ ಪ್ರಯೋಜನ ತಲುಪುವುದು ಅಪರೂಪ. ಓಟದ ಬೂಟು ತೊಡದಿದ್ದರೂ ಇವರ ಶ್ರಮ ವ್ಯಾಯಾಮಕ್ಕಿಂತ ಕಡಿಮೆಯದಲ್ಲ. ನೀರಿನ ಕೊಡ, ಸೌದೆ ಹೊರೆ, ಸಿಮೆಂಟಿನ ಬಾಂಡ್ಲಿ ಎತ್ತುವಾಗ ಸೋರುವ ಮೂತ್ರವೂ ಇದೇ ಕಾಯಿಲೆ. ಎತ್ತುವ ಮುನ್ನ ಬಿಗಿಹಿಡಿದು, ಉಸಿರು ಬಿಡುತ್ತಾ ಎತ್ತುವ ಕ್ರಮ ಅವರಿಗೂ ಅನ್ವಯಿಸುತ್ತದೆ. ಫ್ರಾನ್ಸಿನಲ್ಲಿ ಹೆರಿಗೆಯ ನಂತರದ ಶ್ರೋಣಿತಲ ಪುನಶ್ಚೇತನಕ್ಕೆ ಸರ್ಕಾರಿ ಆರೋಗ್ಯ ವಿಮೆಯೇ ವೆಚ್ಚ ಭರಿಸುತ್ತದೆ.

ಇತಿಹಾಸ

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯಿಂದ ಸಡಿಲಗೊಂಡ ಸ್ನಾಯುಗಳಿಗೆ ಕ್ರಮೇಣ ಹೆಚ್ಚುವ ಪ್ರತಿರೋಧದ ವ್ಯಾಯಾಮವನ್ನು ವಿವರಿಸಿ ಲೇಖನ ಪ್ರಕಟಿಸಿದರು. ಬಿಗಿತದ ಬಲವನ್ನು ಸ್ವತಃ ರೋಗಿಯೇ ನೋಡಿಕೊಳ್ಳಲು ಅನುವಾಗುವ ಪೆರಿನಿಯೋಮೀಟರ್ ಎಂಬ ಉಪಕರಣವನ್ನು ಅವರು ರೂಪಿಸಿದ್ದರು. ಯಂತ್ರ ಮತ್ತು ಮೇಲ್ವಿಚಾರಣೆ ಅವರ ವಿಧಾನದ ಅವಿಭಾಜ್ಯ ಅಂಗವಾಗಿದ್ದವು. ಮುಂದೆ ಅವರ ಹೆಸರಿನಲ್ಲಿ ಪ್ರಚಾರವಾದ ಬರಿಯ ಬಾಯಿಮಾತಿನ ಸೂಚನೆಗಳಲ್ಲಿ ಇವೆರಡೂ ಬಿಟ್ಟುಹೋದವು. 1985ರಲ್ಲಿ ಸ್ಟಾನಿಸ್ಲಾವ್ ಪ್ಲೆವ್ನಿಕ್ ಯೋನಿ ಶಂಕುಗಳನ್ನು ಪರಿಚಯಿಸಿದರು.

ಹಠಯೋಗ ಪ್ರದೀಪಿಕೆಯಲ್ಲಿ ಬರುವ ಮೂಲಬಂಧ ಮತ್ತು ಘೇರಂಡ ಸಂಹಿತೆಯ ಅಶ್ವಿನಿ ಮುದ್ರೆ ಇದೇ ಭಾಗದ ಸ್ನಾಯುಗಳನ್ನು ಸಂಕೋಚಿಸುವ ಕ್ರಿಯೆಗಳು. ಆ ಗ್ರಂಥಗಳಲ್ಲಿ ಅವುಗಳ ಉದ್ದೇಶ ಯೋಗಸಾಧನೆಯೇ ಹೊರತು ಮೂತ್ರ ಸೋರಿಕೆಯ ಚಿಕಿತ್ಸೆಯಲ್ಲ. ಈಗಿನ ಯೋಗ ತರಗತಿಗಳಲ್ಲಿ ಇವುಗಳನ್ನು ಬಾಣಂತಿಯರಿಗೆ ಹೇಳಿಕೊಡುವುದುಂಟು. ಅಶ್ವಿನಿ ಮುದ್ರೆಯಲ್ಲಿ ಒತ್ತು ಗುದದ ಸುತ್ತಲಿನ ಸ್ನಾಯುವಿನ ಮೇಲೆ ಬೀಳುವುದರಿಂದ, ಮೂತ್ರ ಸೋರಿಕೆಗಾಗಿ ಅಭ್ಯಾಸ ಮಾಡುವವರು ಬಿಗಿತವನ್ನು ಮುಂಭಾಗಕ್ಕೂ ತರಬೇಕಾಗುತ್ತದೆ.